ಕಲಿಯುವ ಕೈಗೆ ಎಂತಹ ಬಿಲ್ಲು?

ಬಿಲ್ವಿದ್ಯೆಯನ್ನು ಕಲಿಯಲು ಮನಸ್ಸು ಮಾಡಿದವರು ಮೊಟ್ಟಮೊದಲು ಕೇಳುವ ಪ್ರಶ್ನೆ, "ಎಷ್ಟು ಬಲವಾದ ಬಿಲ್ಲನ್ನು ಕೊಳ್ಳಬೇಕು?" ಎಂಬುದು. ಈ ಪ್ರಶ್ನೆಯೇ ಸರಿಯಾದುದಲ್ಲವೆಂದು ನಮ್ಮ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆ, "ಎಷ್ಟು ಹಗುರವಾದ ಬಿಲ್ಲಿನಿಂದ ಆರಂಭಿಸಬಹುದು?" ಎಂಬುದು. ಮೇಲ್ನೋಟಕ್ಕೆ ಈ ಎರಡು ಪ್ರಶ್ನೆಗಳಲ್ಲಿ ದೊಡ್ಡ ಭೇದವೇನೂ ಕಾಣುವುದಿಲ್ಲ. ಆದರೆ ಮೊದಲನೆಯ ಪ್ರಶ್ನೆಗೆ ಉತ್ತರ ಪಡೆದು ಬಿಲ್ಲು ಕೊಂಡ ಹುಡುಗನು ಮೂರು ತಿಂಗಳಲ್ಲಿ ಅದನ್ನು ಗೋಡೆಯ ಗೂಟಕ್ಕೆ ತೂಗುಹಾಕುವ ಸಂಭವವೇ ಹೆಚ್ಚು. ಎರಡನೆಯದಕ್ಕೆ ಉತ್ತರ ಪಡೆದವನು ಮೂರು ವರ್ಷಗಳಾದರೂ ಗುರಿಹಲಗೆಯ ಮುಂದೆ ನಿಂತಿರುತ್ತಾನೆ. ಹೀಗೇಕೆ ಎಂಬುದನ್ನು ಭೌತವಿಜ್ಞಾನದ ಸಾಮಾನ್ಯ ನಿಯಮಗಳಿಂದಲೇ ತಿಳಿಯಬಹುದು.

ಈ ವಿಚಾರವನ್ನು ಈಗ ಎತ್ತಿಕೊಂಡುದಕ್ಕೆ ಕಾರಣವಿದೆ. 1920ರ ಬಳಿಕ ಒಲಿಂಪಿಕ್ ಕ್ರೀಡೆಗಳಿಂದ ಮರೆಯಾಗಿದ್ದ ಬಿಲ್ವಿದ್ಯೆ 1972ರಲ್ಲಿ ಮತ್ತೆ ಅಲ್ಲಿಗೆ ಬಂದಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಅಂಕಿತಾ ಭಕತ್ ಮತ್ತು ಧೀರಜ್ ಬೊಮ್ಮದೇವರ ಅವರ ಜೋಡಿ ನಾಲ್ಕನೆಯ ಸ್ಥಾನದವರೆಗೆ ಏರಿತು. ಅದೇ ವರ್ಷದ ಪ್ಯಾರಾಲಿಂಪಿಕ್ಸಿನಲ್ಲಿ ಹರವಿಂದರ್ ಸಿಂಗ್ ಅವರು ಚಿನ್ನದ ಪದಕವನ್ನೇ ತಂದರು. ಇಂತಹ ಸುದ್ದಿಗಳು ಈಗ ದೊಡ್ಡ ನಗರಗಳಲ್ಲಿಯೇ ನಿಲ್ಲುವುದಿಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿರುವ ತೆರಕಣಾಂಬಿಯಂತಹ ಊರಿನ ಮಕ್ಕಳ ಕಿವಿಗೂ ಅವು ಬೀಳುತ್ತವೆ. ಅಲ್ಲಿಯ ಒಬ್ಬ ಬೇಸಾಯಗಾರನು ಅರಿಸಿನವನ್ನೋ ಟೊಮ್ಯಾಟೊವನ್ನೋ ಮಾರಿದ ಹಣದಲ್ಲಿ ಒಂದಂಶವನ್ನು ತೆಗೆದಿಟ್ಟು, ಮಗಳಿಗೊಂದು ಬಿಲ್ಲು ಕೊಡಿಸಲು ಮುಂದಾಗುತ್ತಾನೆಂದು ಭಾವಿಸೋಣ. ಅವನಿಗೆ ಎರಡನೆಯ ಬಾರಿ ಕೊಳ್ಳುವ ಅನುಕೂಲವಿಲ್ಲ. ಆದುದರಿಂದ ಆ ಮೊದಲ ಬಿಲ್ಲು ತಕ್ಕದಾಗಿರಬೇಕಾದುದು ಅಗತ್ಯ.

ಬಲವಾದ ಬಿಲ್ಲಿನ ಮೋಹವು ನಮ್ಮಲ್ಲಿ ಹಳೆಯದು. ಸೀತಾಸ್ವಯಂವರದ ಕಥೆಯಲ್ಲಿ ರಾಜರೆಲ್ಲರೂ ಸೋತದ್ದು ಬಿಲ್ಲನ್ನು ಎತ್ತುವುದರಲ್ಲಿಯೇ ಹೊರತು ಗುರಿಯಿಡುವುದರಲ್ಲಲ್ಲ. ಆ ಕಥೆಯನ್ನು ಕೇಳಿ ಬೆಳೆದ ನಮಗೆ ಬಿಲ್ಲುಗಾರನೆಂದರೆ ತೋಳ್ಬಲದವನು ಎಂಬ ಭಾವನೆ ನೆಲೆಗೊಂಡಿದೆ. ಆದರೆ ವಿದ್ಯೆ ಕಲಿಸುತ್ತಿದ್ದ ದ್ರೋಣನು ಶಿಷ್ಯರನ್ನು ಪರೀಕ್ಷಿಸಿದ ಬಗೆ ಬೇರೆ. ಮರದ ಮೇಲಣ ಹಕ್ಕಿಯನ್ನು ತೋರಿಸಿ, "ನಿನಗೇನು ಕಾಣುತ್ತಿದೆ?" ಎಂದಷ್ಟೆ ಅವನು ಕೇಳಿದನು. ಸ್ವಯಂವರದ ಪರೀಕ್ಷೆ ವರನಿಗೆ. ದ್ರೋಣನ ಪರೀಕ್ಷೆ ವಿದ್ಯಾರ್ಥಿಗೆ. ಬಿಲ್ಲು ಕೊಳ್ಳಲು ಹೊರಟ ತಂದೆತಾಯಿಗಳು ಎರಡನೆಯದನ್ನು ನೆನೆಯುವುದು ಮೇಲು.

ಬಿಲ್ಲೆಂಬುದು ಒಂದು ಸ್ಪ್ರಿಂಗು. ಹೆದೆಯನ್ನು ಎಳೆದಾಗ ನಮ್ಮ ಸ್ನಾಯುಗಳು ಮಾಡಿದ ಕೆಲಸವು ಬಿಲ್ಲಿನ ಬಾಗಿದ ಪಟ್ಟಿಗಳಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಅಡಗಿಕೊಳ್ಳುತ್ತದೆ. ಹೆದೆಯನ್ನು ಬಿಟ್ಟೊಡನೆ ಆ ಶಕ್ತಿಯಲ್ಲಿ ಬಹುಪಾಲು ಬಾಣದ ಚಲನಶಕ್ತಿಯಾಗುತ್ತದೆ. ನಾವು ನಿಧಾನವಾಗಿ, ಎರಡು ಮೂರು ಸೆಕೆಂಡುಗಳಲ್ಲಿ ಮಾಡಿದ ಕೆಲಸವನ್ನು ಬಿಲ್ಲು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಅವಧಿಯಲ್ಲಿ ಹಿಂದಿರುಗಿಸುತ್ತದೆ. ಬಿಲ್ಲಿನ ಚಮತ್ಕಾರವೆಲ್ಲ ಇಷ್ಟೇ.

ತುದಿಗಳು ಮುಂದಕ್ಕೆ ಮರುಬಾಗಿರುವ ಬಿಲ್ಲಿಗೆ ರಿಕರ್ವ್ ಎಂದು ಹೆಸರು. ಒಲಿಂಪಿಕ್ಸಿನಲ್ಲಿ 1972ರಿಂದ 2024ರವರೆಗೂ ಬಳಕೆಯಲ್ಲಿದ್ದುದು ಈ ಬಗೆಯ ಬಿಲ್ಲೊಂದೇ. ಈ ಮರುಬಾಗು ಅಂದಕ್ಕಾಗಿ ಮಾಡಿದುದಲ್ಲ. ನೇರವಾದ ಪಟ್ಟಿಯ ಬಿಲ್ಲನ್ನು ಎಳೆಯುತ್ತ ಹೋದಂತೆ ಹೆದೆಗೂ ಪಟ್ಟಿಯ ತುದಿಗೂ ನಡುವಣ ಕೋನ ಅಗಲವಾಗಿ, ಕೊನೆಯ ಒಂದೆರಡು ಅಂಗುಲಗಳನ್ನು ಎಳೆಯುವುದು ತೀರ ಬಿಗಿಯೆನಿಸುತ್ತದೆ. ರಿಕರ್ವ್ ಬಿಲ್ಲಿನಲ್ಲಿ ಹೆದೆಯು ಮೊದಲು ಮರುಬಾಗಿನ ಮೇಲೆ ಒರಗಿರುತ್ತದೆ. ಎಳೆದಂತೆಲ್ಲ ಅದು ಪಟ್ಟಿಯಿಂದ ಬಿಡಿಸಿಕೊಳ್ಳುತ್ತ ಬರುವುದರಿಂದ ಸನ್ನೆಗೋಲು ಉದ್ದವಾದಂತಾಗಿ, ಕೊನೆಯ ಬಿಗಿತವು ಸೌಮ್ಯವಾಗುತ್ತದೆ. ಬಿಗಿಯು ಒಮ್ಮೆಲೇ ಏರದಿರುವುದು ಹೊಸಬನಿಗೆ ದೊಡ್ಡ ಉಪಕಾರ. ಪೂರ್ತಿ ಎಳೆದ ಸ್ಥಿತಿಯಲ್ಲಿ ಅವನು ಒಂದು ಗಳಿಗೆ ನಿಂತು ನೋಡಬಲ್ಲನು. ಕಲಿಯುವವನಿಗೆ ಈ ಬಗೆಯ ಬಿಲ್ಲೇ ಒಳ್ಳೆಯದೆಂದು ನಾವು ಹೇಳುವುದಕ್ಕೆ ಇದೊಂದು ಕಾರಣ.

ಇನ್ನು ಬಲದ ಲೆಕ್ಕಕ್ಕೆ ಬರೋಣ. ಬಿಲ್ಲುಗಳ ಬಲವನ್ನು ಇಂದಿಗೂ ಪೌಂಡುಗಳಲ್ಲಿಯೇ ಹೇಳುವ ರೂಢಿ. 28 ಅಂಗುಲ ಎಳೆದಾಗ ಬೆರಳಿನ ಮೇಲೆ ಬೀಳುವ ಬಲ 20 ಪೌಂಡು ಇದ್ದರೆ ಅದು 20 ಪೌಂಡಿನ ಬಿಲ್ಲು. ನಮ್ಮ ತೂಕದಲ್ಲಿ ಹೇಳುವುದಾದರೆ ಸುಮಾರು 9 ಕಿಲೋಗ್ರಾಮು ಭಾರ. ಭೌತವಿಜ್ಞಾನದ ಭಾಷೆಯಲ್ಲಿ 89 ನ್ಯೂಟನ್. ಹೆದೆ ಕ್ರಮಿಸುವ ದೂರ ಸುಮಾರು 46 ಸೆಂಟಿಮೀಟರು. ಬಲವು ಸೊನ್ನೆಯಿಂದ ಮೊದಲಾಗಿ ಹೆಚ್ಚುಕಡಿಮೆ ಸಮನಾಗಿ ಏರುವುದರಿಂದ ಅಡಗುವ ಶಕ್ತಿ ಇವೆರಡರ ಗುಣಲಬ್ಧದ ಅರ್ಧ, ಎಂದರೆ ಸುಮಾರು 21 ಜೌಲ್. ಇದರಲ್ಲಿ ಮೂರನೆಯ ಎರಡು ಭಾಗ ಬಾಣಕ್ಕೆ ಸಿಕ್ಕಿತೆಂದರೆ 24 ಗ್ರಾಮಿನ ಬಾಣವು ಸೆಕೆಂಡಿಗೆ ಸುಮಾರು 35 ಮೀಟರು ವೇಗದಲ್ಲಿ ಹೊರಡುತ್ತದೆ. ಅದೇ ಬಾಣವನ್ನು 30 ಪೌಂಡಿನ ಬಿಲ್ಲಿನಿಂದ ಬಿಟ್ಟರೆ ವೇಗ ಸುಮಾರು 42 ಮೀಟರು. ಬಲವು ಒಂದೂವರೆ ಪಾಲು ಹೆಚ್ಚಿದರೂ ವೇಗ ಐದನೆಯ ಒಂದು ಪಾಲು ಮಾತ್ರ ಹೆಚ್ಚಿತೆಂಬುದನ್ನು ವಾಚಕರು ಗಮನಿಸಬೇಕು. ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಹೀಗೆ. ಅಲ್ಲದೆ ಬಲವಾದ ಬಿಲ್ಲಿಗೆ ಹೆಚ್ಚು ಗಡುಸಾದ, ಆದುದರಿಂದ ಹೆಚ್ಚು ಭಾರವಾದ ಬಾಣ ಬೇಕಾಗುತ್ತದೆ. ಸಿಕ್ಕ ಲಾಭದಲ್ಲಿ ಅದೂ ಒಂದು ಪಾಲನ್ನು ಕಸಿದುಕೊಳ್ಳುತ್ತದೆ.

ಹೊಸಬರು ಅಭ್ಯಾಸ ಮಾಡುವುದು ಸಾಮಾನ್ಯವಾಗಿ 10 ಮೀಟರು ದೂರದಿಂದ. ಆ ದೂರವನ್ನು ದಾಟುವಷ್ಟರಲ್ಲಿ ಗುರುತ್ವಾಕರ್ಷಣೆಯಿಂದ ಮೊದಲನೆಯ ಬಾಣ ಸುಮಾರು 40 ಸೆಂಟಿಮೀಟರು ಇಳಿಯುತ್ತದೆ. ಎರಡನೆಯದು ಸುಮಾರು 28 ಸೆಂಟಿಮೀಟರು. ಹತ್ತು ಪೌಂಡು ಹೆಚ್ಚಿಗೆ ಎಳೆದು ನಾವು ಗಳಿಸಿದ್ದು ಈ 12 ಸೆಂಟಿಮೀಟರು. ಇದಾದರೂ ಪ್ರತಿ ಬಾಣದಲ್ಲಿಯೂ ಒಂದೇ ತೆರನಾಗಿ ಬರುವ ಇಳಿತ. ಒಂದು ಡಿಗ್ರಿಗೂ ಕಡಿಮೆ ಮೇಲಕ್ಕೆ ಗುರಿಯಿಟ್ಟರೆ ಅದು ತಾನಾಗಿಯೇ ಸರಿಹೋಗುತ್ತದೆ.

ಈಗ ಇನ್ನೊಂದು ಲೆಕ್ಕವನ್ನು ನೋಡೋಣ. ಹೆದೆಯನ್ನೆಳೆದ ಕೈಯನ್ನು ಪ್ರತಿ ಸಲವೂ ಗಲ್ಲದ ಅಡಿಯಲ್ಲಿ ಒಂದೇ ಜಾಗಕ್ಕೆ ತಂದು ನಿಲ್ಲಿಸಬೇಕೆಂಬುದು ಬಿಲ್ವಿದ್ಯೆಯ ಮೊದಲ ಪಾಠ. ಬಲವಾದ ಬಿಲ್ಲನ್ನು ಹಿಡಿದ ಹೊಸಬನ ಕೈ ನಡುಗುತ್ತದೆ, ಜಾಗ ತಪ್ಪುತ್ತದೆ. ಆ ಕೈ ಒಂದು ಸೆಂಟಿಮೀಟರಿನಷ್ಟು ಪಕ್ಕಕ್ಕೋ ಕೆಳಕ್ಕೋ ಸರಿಯಿತೆನ್ನೋಣ. ಬಿಲ್ಲಿನ ಹಿಡಿಯಿಂದ ಆ ಕೈಗೆ ಇರುವ ಅಂತರ ಸುಮಾರು 66 ಸೆಂಟಿಮೀಟರು. ಆದುದರಿಂದ 10 ಮೀಟರು ದೂರದಲ್ಲಿ ಬಾಣವು 15 ಸೆಂಟಿಮೀಟರಿನಷ್ಟು ಗುರಿ ತಪ್ಪುತ್ತದೆ. ಎಂದರೆ ಹತ್ತು ಪೌಂಡಿನಿಂದ ಗಳಿಸಿದುದೆಲ್ಲವನ್ನೂ ಒಂದು ಸೆಂಟಿಮೀಟರಿನ ನಡುಕವು ನುಂಗಿಹಾಕಿತು! ಸಾಲದುದಕ್ಕೆ ಇದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುವ ದೋಷ. ಇದನ್ನು ಗುರಿಯನ್ನು ಬದಲಿಸಿ ಸರಿಪಡಿಸುವಂತಿಲ್ಲ. ಒಲಿಂಪಿಕ್ಸಿನ 70 ಮೀಟರು ದೂರದಲ್ಲಾದರೆ ಇದೇ ಒಂದು ಸೆಂಟಿಮೀಟರು ಒಂದು ಮೀಟರಿಗೂ ಮಿಕ್ಕಿದ ತಪ್ಪಾಗುತ್ತದೆ. ಅಲ್ಲಿಯ ಗುರಿಹಲಗೆಯ ವ್ಯಾಸ 122 ಸೆಂಟಿಮೀಟರು, ಹತ್ತು ಅಂಕದ ವೃತ್ತದ ವ್ಯಾಸ 12.2 ಸೆಂಟಿಮೀಟರು ಎಂಬುದನ್ನು ನೆನೆದರೆ, ಬಿಲ್ವಿದ್ಯೆಯಲ್ಲಿ ಗೆಲ್ಲುವುದು ಬಲವಲ್ಲ, ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಮಾಡುವ ಶಿಸ್ತು ಎಂಬುದು ಮನವರಿಕೆಯಾಗುತ್ತದೆ.

ದೂರ ಹೆಚ್ಚಿದಂತೆ, ಗಾಳಿ ಬೀಸಿದಂತೆ ಬಲವಾದ ಬಿಲ್ಲಿಗೆ ಬೆಲೆಯುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನುರಿತ ಸ್ಪರ್ಧಿಗಳು 40, 50 ಪೌಂಡಿನ ಬಿಲ್ಲುಗಳನ್ನು ಹಿಡಿಯುವುದು ಅದಕ್ಕಾಗಿಯೇ. ಆದರೆ ಆ ಮಟ್ಟಕ್ಕೆ ಅವರು ಒಂದೊಂದೇ ಮೆಟ್ಟಿಲು ಹತ್ತಿ ಹೋಗಿದ್ದಾರೆ. ಬಾಣಗಳ ಸಂಖ್ಯೆಯನ್ನೂ ಗಮನಕ್ಕೆ ತಂದುಕೊಳ್ಳಬೇಕು. ದಿನಕ್ಕೆ 60 ಬಾಣ ಬಿಟ್ಟರೆ 20 ಪೌಂಡಿನ ಬಿಲ್ಲಿನಲ್ಲಿ ಬೆನ್ನು ಭುಜಗಳ ಮೇಲೆ ಬೀಳುವ ಒಟ್ಟು ಹೊರೆ 540 ಕಿಲೋಗ್ರಾಮು. ಅರವತ್ತು ಕಿಲೋಗ್ರಾಮಿನ ಒಂಬತ್ತು ಮೂಟೆಗಳು! 40 ಪೌಂಡಿನ ಬಿಲ್ಲಾದರೆ ಹದಿನೆಂಟು ಮೂಟೆಗಳು. ಬಿಲ್ಲನ್ನು ಎಳೆಯಬೇಕಾದುದು ತೋಳಿನಿಂದಲ್ಲ, ಬೆನ್ನಿನ ಮೇಲ್ಭಾಗದ ಸ್ನಾಯುಗಳಿಂದ. ನಮ್ಮ ದಿನನಿತ್ಯದ ಕೆಲಸಗಳಲ್ಲಿ ಆ ಸ್ನಾಯುಗಳಿಗೆ ಈ ಬಗೆಯ ಪಳಗು ಇರುವುದಿಲ್ಲ. ಅವು ಸಾಲದಾದಾಗ ಭುಜದ ಚಿಕ್ಕ ಸ್ನಾಯುಗಳು ಆ ಹೊರೆಯನ್ನು ಹೊರಲು ಹೋಗಿ ನೋವಿಗೀಡಾಗುತ್ತವೆ. ಬೆಳೆಯುವ ಮಕ್ಕಳ ವಿಷಯದಲ್ಲಂತೂ ಇದನ್ನು ಲಘುವಾಗಿ ಕಾಣುವಂತಿಲ್ಲ.

ಹಾಗಾದರೆ ಎಷ್ಟು ಬಲ ತಕ್ಕುದು? ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ 10ರಿಂದ 14 ಪೌಂಡು, ಪ್ರೌಢಶಾಲೆಯ ಹುಡುಗ ಹುಡುಗಿಯರಿಗೆ 14ರಿಂದ 18 ಪೌಂಡು, ಬೆಳೆದವರಿಗೆ 18ರಿಂದ 24 ಪೌಂಡು ಸಾಕು. ಇದಕ್ಕಿಂತಲೂ ಒಳ್ಳೆಯ ಅಳತೆಗೋಲು ಒಂದುಂಟು. ಬಾಣವನ್ನು ಹೂಡಿ, ಹುಲ್ಲಿನ ಗುರಿಯ ಕಡೆಗೆ ಮುಖಮಾಡಿ, ಬಿಲ್ಲನ್ನು ಆಕಾಶದ ಕಡೆಗೆ ಎತ್ತದೆ, ಮೈ ಹಿಂದಕ್ಕೆ ವಾಲಿಸದೆ, ಹೆದೆಯನ್ನು ಗಲ್ಲದವರೆಗೆ ನೇರವಾಗಿ ಎಳೆಯಬೇಕು. ಹತ್ತು ಎಣಿಸುವವರೆಗೆ ಹಿಡಿದಿದ್ದು ಮೆಲ್ಲಗೆ ಹಿಂದಕ್ಕೆ ಬಿಡಬೇಕು. ಹೀಗೆ ಐದಾರು ಬಾರಿ ಮಾಡಿದರೂ ಕೈ ನಡುಗದಿದ್ದರೆ ಆ ಬಿಲ್ಲು ಅವರದು. ನಡುಗಿದರೆ ಅಂಗಡಿಯವನು ಏನೇ ಹೇಳಲಿ, ಅದನ್ನು ಕೆಳಗಿಡುವುದೇ ಸರಿ.

ಬಿಲ್ಲಿನ ಮೇಲೆ ಬರೆದ ಅಂಕಿಯನ್ನೇ ನಂಬುವುದಕ್ಕೂ ಆಗದು. ಆ ಅಂಕಿ 28 ಅಂಗುಲದ ಎಳೆತಕ್ಕೆ ಹೇಳಿದುದು. ಪ್ರತಿಯೊಬ್ಬರ ಎಳೆತವೂ ಅವರವರ ಕೈಯುದ್ದದ ಮೇಲೆ ನಿಂತಿದೆ. ಎರಡು ಕೈಗಳನ್ನೂ ಪಕ್ಕಕ್ಕೆ ಚಾಚಿ ಮಧ್ಯಬೆರಳಿನ ತುದಿಯಿಂದ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ಎಳೆತದ ಉದ್ದ ಹೆಚ್ಚುಕಡಿಮೆ ಸಿಕ್ಕುತ್ತದೆ. 150 ಸೆಂಟಿಮೀಟರು ಚಾಚುವ ಹುಡುಗಿಯ ಎಳೆತ 60 ಸೆಂಟಿಮೀಟರು, ಎಂದರೆ 24 ಅಂಗುಲಕ್ಕೆ ಸ್ವಲ್ಪ ಕಡಿಮೆ. 20 ಪೌಂಡಿನ ಬಿಲ್ಲಿನಲ್ಲಿ ಅಂಗುಲವೊಂದಕ್ಕೆ ಸುಮಾರು ಒಂದು ಪೌಂಡು ಏರಿಳಿಯುವುದರಿಂದ ಅವಳ ಬೆರಳಿಗೆ ತಾಗುವುದು ಸುಮಾರು 16 ಪೌಂಡು ಮಾತ್ರ. ಇದನ್ನು ಪರೀಕ್ಷಿಸಲು ದುಬಾರಿ ಉಪಕರಣವೇನೂ ಬೇಡ. ತರಕಾರಿ ವ್ಯಾಪಾರದಲ್ಲಿ ಚೀಲಗಳನ್ನು ತೂಗಲು ಬಳಸುವ ಕೊಕ್ಕೆಯ ತಕ್ಕಡಿಯೇ ಸಾಕು. ಅದರ ಕೊಕ್ಕೆಯನ್ನು ಹೆದೆಯ ನಡುವಿಗೆ ಸಿಕ್ಕಿಸಿ, ತನ್ನ ಎಳೆತದ ಉದ್ದದವರೆಗೆ ಎಳೆದು ಓದಿಕೊಳ್ಳಬಹುದು. ಕಿಲೋಗ್ರಾಮನ್ನು 2.2ರಿಂದ ಗುಣಿಸಿದರೆ ಪೌಂಡು ಬರುತ್ತದೆ.

ಬಿಲ್ಲಿನ ಉದ್ದವೂ ಎಳೆತಕ್ಕೆ ಒಪ್ಪಬೇಕು. ಎಳೆತ 24ರಿಂದ 26 ಅಂಗುಲವಿದ್ದರೆ 64 ಅಥವಾ 66 ಅಂಗುಲದ ಬಿಲ್ಲು, 26ರಿಂದ 28 ಇದ್ದರೆ 66 ಅಥವಾ 68, ಅದಕ್ಕೂ ಮೀರಿದರೆ 68 ಅಥವಾ 70 ಎಂಬುದು ಬಳಕೆಯ ಲೆಕ್ಕ. ಅನುಮಾನವಾದಲ್ಲಿ ಉದ್ದವಾದುದನ್ನೇ ಆರಿಸಬೇಕು. ಗಿಡ್ಡ ಬಿಲ್ಲಿನಲ್ಲಿ ಹೆದೆಯ ಕೋನ ಕಿರಿದಾಗಿ ಬೆರಳುಗಳು ಒತ್ತಿಹೋಗುತ್ತವೆ. ಇನ್ನೊಂದು ಮಾತು: ಬಲಗೈ ಎಡಗೈಗಳ ಬಳಕೆಗಿಂತ ಕಣ್ಣಿನ ಬಳಕೆ ಮುಖ್ಯ. ಎರಡು ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ ದೂರದ ವಸ್ತುವೊಂದನ್ನು ಎರಡು ಕಣ್ಣುಗಳಿಂದಲೂ ನೋಡಿ, ಬಳಿಕ ಒಂದೊಂದು ಕಣ್ಣನ್ನೂ ಮುಚ್ಚಬೇಕು. ಯಾವ ಕಣ್ಣು ತೆರೆದಿರುವಾಗ ವಸ್ತುವು ಕಿಂಡಿಯಲ್ಲಿ ಉಳಿಯುವುದೋ ಅದು ಪ್ರಧಾನ ಕಣ್ಣು. ಅದು ಬಲಗಣ್ಣಾದರೆ ಬಿಲ್ಲು ಎಡಗೈಯಲ್ಲಿ, ಹೆದೆ ಬಲಗೈಯಲ್ಲಿ. ಅರ್ಜುನನಂತೆ ಸವ್ಯಸಾಚಿಗಳಾಗುವ ಆತುರ ಆರಂಭದಲ್ಲಿ ಬೇಡ.

ಹಣವನ್ನು ಉಳಿಸಬೇಕೆನ್ನುವವರು ಬಿಲ್ಲಿನಲ್ಲಿ ಉಳಿಸಲಿ, ಬಾಣದಲ್ಲಿ ಉಳಿಸದಿರಲಿ. ಬಿಟ್ಟ ಬಾಣವು ಕೋಲಿನಂತೆ ನೇರವಾಗಿ ಹೋಗುವುದಿಲ್ಲ. ಹೆದೆಯ ತಳ್ಳಿಗೆ ಸಿಕ್ಕಿ ಅದು ಮೀನಿನಂತೆ ಬಳುಕುತ್ತ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಬಿಲ್ಲಿನ ಪಕ್ಕಕ್ಕೆ ಇಟ್ಟ ಬಾಣವು ಪಕ್ಕಕ್ಕೆ ಹೋಗದೆ ಗುರಿಯ ಕಡೆಗೇ ಹೋಗುವ ಈ ವಿಚಿತ್ರಕ್ಕೆ ಅಮೆರಿಕದ ರಾಬರ್ಟ್ ಎಲ್ಮರ್ 'ಬಿಲ್ಲುಗಾರನ ವಿರೋಧಾಭಾಸ' ಎಂದು ಹೆಸರಿಟ್ಟನು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್, ಪಾಲ್ ಕ್ಲಾಪ್‌ಸ್ಟೆಗ್ ಮೊದಲಾದ ಭೌತವಿಜ್ಞಾನಿಗಳು ಬಿಲ್ಲುಬಾಣಗಳನ್ನು ಪ್ರಯೋಗಶಾಲೆಗೆ ತಂದರು. ಅತಿವೇಗದ ಛಾಯಾಚಿತ್ರಗಳಿಂದ ಈ ಬಳುಕು ಕಣ್ಣಿಗೇ ಕಂಡಿತು. ಬಾಣದ ಬಳುಕು ಬಿಲ್ಲಿನ ಬಲಕ್ಕೆ ಹೊಂದಿದ್ದರೆ ಮಾತ್ರ ಅದು ಹಿಡಿಗೆ ತಾಗದೆ ದಾಟುತ್ತದೆ. 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು, ನಡುವೆ 880 ಗ್ರಾಮಿನ ತೂಕವನ್ನು ತೂಗಿಬಿಟ್ಟು, ಅದು ಎಷ್ಟು ಬಾಗುವುದೆಂಬುದನ್ನು ಅಂಗುಲದ ಸಾವಿರದ ಒಂದಂಶಗಳಲ್ಲಿ ಹೇಳುತ್ತಾರೆ. 1000 ಎಂದು ಬರೆದ ಬಾಣ ಒಂದು ಅಂಗುಲ ಬಾಗಿತೆಂದು ಅರ್ಥ. ಹಗುರವಾದ ಬಿಲ್ಲಿಗೆ ಹೀಗೆ ಚೆನ್ನಾಗಿ ಬಾಗುವ ಬಾಣ ಬೇಕು. ಹನ್ನೆರಡು ಬಾಣಗಳೂ ಒಂದೇ ಉದ್ದ, ಒಂದೇ ತೂಕ, ಒಂದೇ ಬಳುಕಿನವಾಗಿರಬೇಕು. ಒಂದೊಂದು ಬಾಣ ಒಂದೊಂದು ಬಗೆಯಾದರೆ ತಪ್ಪು ಕೈಯದೋ ಬಾಣದ್ದೋ ತಿಳಿಯದೆ ಕಲಿಕೆಯೇ ನಿಂತುಹೋಗುತ್ತದೆ.

"ಇಷ್ಟೆಲ್ಲ ಏಕೆ? ನಮ್ಮ ಬಿದಿರೇ ಸಾಲದೆ?" ಎಂದು ಕೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬಿದಿರಿನ ಹೊರಮೈಯಲ್ಲಿ ನಾರುಗಳು ದಟ್ಟವಾಗಿದ್ದು ಎಳೆತವನ್ನು ಚೆನ್ನಾಗಿ ತಾಳುತ್ತವೆ. ಬಿಲ್ಲಿಗೆ ಬೇಕಾದ ಗುಣವೇ ಅದು. ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವೇ ಇದ್ದು, ಅದರಲ್ಲಿ ಬಿದಿರಿನ ಬಿಲ್ಲಿನಿಂದ 50 ಮತ್ತು 30 ಮೀಟರುಗಳ ಗುರಿಗೆ ಬಾಣ ಬಿಡುತ್ತಾರೆ. ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಬಾಲ್ಯದಲ್ಲಿ ಹಿಡಿದದ್ದು ಬಿದಿರಿನ ಬಿಲ್ಲನ್ನೇ. ಅವರೇ 1992ರಲ್ಲಿ ಬೀಜಿಂಗಿನಲ್ಲಿ 30 ಮೀಟರು ದೂರದಿಂದ 360ಕ್ಕೆ 358 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಜಾರ್ಖಂಡದ ದೀಪಿಕಾ ಕುಮಾರಿಯೂ ಮನೆಯಲ್ಲಿ ಮಾಡಿದ ಬಿದಿರಿನ ಬಿಲ್ಲಿನಿಂದಲೇ ಆರಂಭಿಸಿದವರು. ಬುಟ್ಟಿ, ಮೊರಗಳನ್ನು ಹೆಣೆಯುವ ಮೇದರ ಕೈಗೆ ಬಿದಿರಿನ ಗುಣ ತಿಳಿದಷ್ಟು ನಮ್ಮ ಪಠ್ಯಪುಸ್ತಕಗಳಿಗೆ ತಿಳಿಯದು.

ಆದರೂ ಬಿದಿರಿನ ಬಿಲ್ಲು ಮೊದಲ ಒಲವನ್ನು ಹುಟ್ಟಿಸುವುದಕ್ಕೆ ತಕ್ಕುದೇ ಹೊರತು, ಕ್ರಮವಾದ ಕಲಿಕೆಗೆ ರಿಕರ್ವ್ ಬಿಲ್ಲೇ ಅನುಕೂಲವೆಂದು ನಮ್ಮ ಎಣಿಕೆ. ಬಿದಿರು ಕಾಲಕಾಲಕ್ಕೆ ತೇವವನ್ನು ಹೀರಿ, ಒಣಗಿ ತನ್ನ ಬಲವನ್ನು ಬದಲಿಸುತ್ತದೆ. ಒಂದು ಬಿಲ್ಲಿನಂತೆ ಇನ್ನೊಂದಿರುವುದಿಲ್ಲ. ಮರ ಹಾಗೂ ಗಾಜಿನ ನಾರುಗಳ ಪದರಗಳನ್ನು ಅಂಟಿಸಿ ಮಾಡಿದ ಪಟ್ಟಿಗಳಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ. ಇದಕ್ಕಿಂತ ಮುಖ್ಯವಾದುದು, ಕಲಿಯುವವನ ರಿಕರ್ವ್ ಬಿಲ್ಲನ್ನು ಮೂರು ಭಾಗಗಳಾಗಿ ಬಿಚ್ಚಬಹುದೆಂಬುದು. ನಡುವಿನ ಹಿಡಿಗೆ ರೈಸರ್ ಎಂದೂ ಮೇಲು ಕೆಳಗಿನ ಬಾಗುವ ಪಟ್ಟಿಗಳಿಗೆ ಲಿಂಬ್ ಎಂದೂ ಆಟಗಾರರು ಹೇಳುತ್ತಾರೆ. "ಹಗುರವಾದುದನ್ನು ಕೊಂಡರೆ ಆರು ತಿಂಗಳಲ್ಲಿ ಇನ್ನೊಂದನ್ನು ಕೊಳ್ಳಬೇಕಲ್ಲ" ಎಂಬ ಆಕ್ಷೇಪಕ್ಕೆ ಇದೇ ಉತ್ತರ. ಬಲ ಹೆಚ್ಚಬೇಕಾದಾಗ ಹಿಡಿಯನ್ನು ಹಾಗೆಯೇ ಇಟ್ಟುಕೊಂಡು ಪಟ್ಟಿಗಳನ್ನು ಮಾತ್ರ ಬದಲಿಸಿದರಾಯಿತು. ಆದುದರಿಂದ ಬಿಚ್ಚಲಾಗದ ಒಂದೇ ತುಂಡಿನ ಬಿಲ್ಲನ್ನೂ, ಪಟ್ಟಿಗಳು ಬಿಡಿಯಾಗಿ ದೊರೆಯದ ಬಿಲ್ಲನ್ನೂ, ಅವು ಎಷ್ಟೇ ಅಗ್ಗವಾಗಿ ಸಿಕ್ಕಲಿ, ಕೊಳ್ಳಬಾರದು.

ಇಲ್ಲಿ ನಾವು ಒಂದು ಸಲಹೆಯನ್ನು ಮುಂದಿಡುತ್ತೇವೆ. ಮನೆಗೊಂದು ಬಿಲ್ಲು ಕೊಳ್ಳುವುದಕ್ಕಿಂತ ತೆರಕಣಾಂಬಿಯಂತಹ ಊರಿನ ಶಾಲೆಯೊಂದು ಎರಡು ಹಿಡಿಗಳನ್ನು, ಒಂದು ಬಲಗಣ್ಣಿನವರಿಗೆ, ಒಂದು ಎಡಗಣ್ಣಿನವರಿಗೆ, ಕೊಂಡು, 14, 18, 22 ಪೌಂಡಿನ ಮೂರು ಜೊತೆ ಪಟ್ಟಿಗಳನ್ನೂ ಎರಡು ಡಜನ್ ಬಾಣಗಳನ್ನೂ ಇಟ್ಟುಕೊಳ್ಳಲಿ. ಪಟ್ಟಿಗಳು ಎರಡು ಹಿಡಿಗಳಿಗೂ ಹೊಂದುವಂತಹವಾಗಿರಬೇಕೆಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ಇಷ್ಟರಿಂದ ಇಪ್ಪತ್ತು ಮಕ್ಕಳು ಸರದಿಯ ಮೇಲೆ ಕಲಿಯಬಹುದು. ಒಬ್ಬಳು ಬಾಣ ಬಿಡುವಾಗ ಇನ್ನೊಬ್ಬಳು ಅವಳ ನಿಲುವನ್ನು ಗಮನಿಸಿ ಹೇಳಲಿ. ತಿದ್ದುವುದರಿಂದಲೂ ವಿದ್ಯೆ ಬೆಳೆಯುತ್ತದೆ. ಅದೇ ಬಿಲ್ಲನ್ನು ಮಳೆಗಾಲದಲ್ಲಿ ವಿಜ್ಞಾನದ ಕೊಠಡಿಗೆ ತಂದರೆ, ಕೊಕ್ಕೆಯ ತಕ್ಕಡಿಯಿಂದ ಅಂಗುಲ ಅಂಗುಲಕ್ಕೂ ಬಲವನ್ನಳೆದು ಚೌಕುಳಿ ಕಾಗದದ ಮೇಲೆ ಗೆರೆಯೆಳೆಯಬಹುದು. ಆ ಗೆರೆಯ ಕೆಳಗಣ ಚೌಕಗಳನ್ನು ಎಣಿಸಿದರೆ ಅಡಗಿದ ಶಕ್ತಿಯೇ ಸಿಕ್ಕುತ್ತದೆ. ಕೆಲಸ ಮತ್ತು ಶಕ್ತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾವು ಕಾಣೆವು.

ಬಿಲ್ಲಿನ ಜೊತೆಗೆ ಬರುವ ಹೊಣೆಯನ್ನೂ ಹೇಳದೆ ಬಿಡುವಂತಿಲ್ಲ. ಹಗುರವೆಂದು ನಾವು ಕರೆದ 20 ಪೌಂಡಿನ ಬಿಲ್ಲಿನ ಬಾಣವೂ ಗಂಟೆಗೆ 126 ಕಿಲೋಮೀಟರು ವೇಗದಲ್ಲಿ ಹೋಗುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಓರೆಯಾಗಿ ಮೇಲಕ್ಕೆ ಬಿಟ್ಟಾಗ ಅದು 125 ಮೀಟರು ದೂರ ಬೀಳಬಲ್ಲುದು. 2020ರ ಜನವರಿಯಲ್ಲಿ ಅಸ್ಸಾಮಿನಲ್ಲಿ ಅಭ್ಯಾಸದ ವೇಳೆ ಬಾಲಕಿಯೊಬ್ಬಳ ಕುತ್ತಿಗೆಯ ಬಳಿ ಬಾಣ ನಾಟಿ, ಅವಳನ್ನು ದೆಹಲಿಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆದುದರಿಂದ ಗುರಿಯ ಹಿಂದೆ ಕಾಲುದಾರಿಯಾಗಲಿ ದನ ಮೇಯುವ ಬಯಲಾಗಲಿ ಇರಬಾರದು. ಎತ್ತರವಾದ ಮಣ್ಣಿನ ಏರಿ ಇರಬೇಕು. ರಾಗಿಯ ಹುಲ್ಲನ್ನು ಬಿಗಿಯಾಗಿ ಕಟ್ಟಿದ ಪಿಂಡಿಗಳು ಗುರಿಹಲಗೆಗೆ ಒಳ್ಳೆಯ ಆಧಾರ. ಎಲ್ಲರೂ ಬಾಣ ಬಿಟ್ಟು ಮುಗಿಸಿ, ಬಿಲ್ಲುಗಳನ್ನು ಕೆಳಗಿಟ್ಟ ಮೇಲೆಯೇ ಬಾಣಗಳನ್ನು ತರಲು ಹೋಗಬೇಕು. ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ.

ಗುಂಡ್ಲುಪೇಟೆ ಸೀಮೆಯಲ್ಲಿ ಇನ್ನೂ ಒಂದು ಎಚ್ಚರ ಬೇಕು. 1973ರಿಂದ ಹುಲಿಯ ರಕ್ಷಿತಾರಣ್ಯವಾಗಿರುವ ಬಂಡೀಪುರ ಇದೇ ತಾಲ್ಲೂಕಿಗೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆ ಅಪರಾಧ. ಅದು ಕೋವಿಯಿಂದಾದರೂ ಸರಿ, ಬಿಲ್ಲಿನಿಂದಾದರೂ ಸರಿ. ಬಿಲ್ಲನ್ನು ಹಿಡಿದು ಕಾಡಂಚಿಗೆ ಹೋಗುವುದು ಆಟಕ್ಕೂ ಬೇಡ. ಬಿದಿರಿನ ಬಿಲ್ಲು ಮಾಡುವವರೂ ಹಿತ್ತಲಿನ ಅಥವಾ ಹೊಲದ ಬದುವಿನ ಬಿದಿರನ್ನೇ ಬಳಸಬೇಕು. ಕಾಡಿನದನ್ನು ಮುಟ್ಟಬಾರದು. ಬಿಲ್ವಿದ್ಯೆ ಇಂದು ಗುರಿಹಲಗೆಯ ಮುಂದಿನ ವಿದ್ಯೆ ಎಂಬುದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಕೊಡುವುದು ಗುರುವಿನ ಕರ್ತವ್ಯ.

ಬಿಲ್ಲಿನ ಕ್ಷೇಮದ ಬಗೆಗೂ ಒಂದು ಮಾತು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡುವ ಚಪಲ ಮಕ್ಕಳಿಗೆಲ್ಲ ಇರುತ್ತದೆ. ಬಾಣವಿದ್ದರೆ ಶಕ್ತಿಯ ಬಹುಪಾಲನ್ನು ಅದು ಹೊತ್ತುಕೊಂಡು ಹೋಗುತ್ತದೆ. ಇಲ್ಲದಿದ್ದರೆ ಆ 21 ಜೌಲ್ ಪೂರ್ತಿಯಾಗಿ ಪಟ್ಟಿಗಳಿಗೂ ಹೆದೆಗೂ ಬಡಿಯುತ್ತದೆ. ಪಟ್ಟಿ ಸೀಳುವುದು, ಹೆದೆ ಹರಿಯುವುದು ಹೀಗೆಯೇ. ತೀರ ಹಗುರವಾದ ಬಾಣವೂ ಇದೇ ಕಾರಣದಿಂದ ಅಪಾಯಕರ. ಬಿಲ್ಲಿಗೆ ಹೆದೆಯೇರಿಸುವಾಗ ಅದಕ್ಕೆಂದೇ ಇರುವ ಹಗ್ಗವನ್ನು ಬಳಸಬೇಕು. ಕಾಲಿನ ಸಂದಿಗೆ ಸಿಕ್ಕಿಸಿ ಬಾಗಿಸಿದರೆ ಪಟ್ಟಿಗಳು ತಿರುಚಿಕೊಳ್ಳುತ್ತವೆ. ಅಭ್ಯಾಸ ಮುಗಿದೊಡನೆ ಹೆದೆಯಿಳಿಸಿ, ಬಿಸಿಲು ಬೀಳದ ಕಡೆ ಇಡಬೇಕು. ಬೇಸಗೆಯ ಬಿಸಿಲಿನಲ್ಲಿ ಮುಚ್ಚಿದ ವಾಹನದೊಳಗೆ ಬಿಟ್ಟ ಬಿಲ್ಲಿನ ಅಂಟುಪದರಗಳು ಬಿಚ್ಚಿಕೊಳ್ಳುವ ಸಂಭವವುಂಟು.

ಇಷ್ಟನ್ನೂ ಒಂದೆಡೆ ಸೇರಿಸಿ ಹೇಳುವುದಾದರೆ, ಕಲಿಯುವವನ ಮೊದಲ ಬಿಲ್ಲು ಮೂರು ಭಾಗಗಳಾಗಿ ಬಿಚ್ಚುವ, ಪಟ್ಟಿಗಳನ್ನು ಬದಲಿಸಬಹುದಾದ, ಎಳೆತಕ್ಕೆ ಒಪ್ಪುವಷ್ಟು ಉದ್ದದ, ಕೈ ನಡುಗಿಸದಷ್ಟು ಹಗುರವಾದ ರಿಕರ್ವ್ ಬಿಲ್ಲಾಗಿರಲಿ. ದೂರನೋಟಕ, ತೂಕದ ಕಂಬಿ ಮೊದಲಾದ ಅಲಂಕಾರಗಳೆಲ್ಲ ವರ್ಷದ ಮೇಲಿನ ಮಾತು. ಅವುಗಳಿಗೆ ಕೊಡುವ ಹಣವನ್ನು ಒಂದೇ ತೂಕದ ಬಾಣಗಳಿಗೂ, ಬೆರಳು ತೋಳುಗಳ ಕಾಪಿಗೂ, ಬಲ್ಲವರಿಂದ ಕೆಲವು ದಿನಗಳ ಪಾಠಕ್ಕೂ ಕೊಡುವುದು ಲೇಸು.

ಆರಿಸಿದ ಬಿಲ್ಲು ಸರಿಯಾದುದೇ ಎಂದು ತಿಳಿಯಲು ಕೊನೆಗೂ ಒಂದು ಸುಲಭವಾದ ಪರೀಕ್ಷೆಯಿದೆ. ಸಂಜೆ ಅರವತ್ತು ಬಾಣಗಳನ್ನು ಬಿಟ್ಟು ಮನೆಗೆ ಹೋದ ಹುಡುಗಿ ಮರುದಿನ ಭುಜ ಹಿಡಿದುಕೊಂಡು ಕೂರದೆ, ಶಾಲೆ ಬಿಟ್ಟೊಡನೆ ಬಿಲ್ಲಿನ ಚೀಲವನ್ನು ಹುಡುಕಿಕೊಂಡು ಬಂದಳೆಂದರೆ, ಆ ತಂದೆಯ ಹಣ ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.